ಕಾರು ಮಾತಾಡುತ್ತಿದೆ, ಮಾಲೀಕನಿಗೇ ಕೇಳಿಸುತ್ತಿಲ್ಲ: ಇಬ್ಬರು ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಐಟಿ-ಬಿಟಿ ಸಚಿವರಿಗೆ ಮತ್ತು ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ. ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಈಗಿನ ಕಾರಿನಲ್ಲಿ ಇಂಜಿನ್ ಎಲ್ಲಿ ಮುಗಿಯುತ್ತೆ, ಕಂಪ್ಯೂಟರ್ ಎಲ್ಲಿ ಶುರುವಾಗುತ್ತೆ ಅಂತ ದಿನಾ ಅದರೊಳಗೇ ತಲೆ ಹಾಕುವ ನನಗೇ ಗೊತ್ತಾಗುವುದಿಲ್ಲ. ಯಾರ ಇಲಾಖೆಗೆ ಸೇರಿದ್ದು ಅಂತ ನೀವೇ ಮಾತಾಡಿಕೊಳ್ಳಿ. ವಿಷಯ ಇಷ್ಟೇ: ಇಂಟರ್ನೆಟ್‌ಗೆ ಸೇರಿಕೊಂಡ ಈಗಿನ ಕಾರಿನ ಡೇಟಾ ಅದರ ಮಾಲೀಕನಿಗೂ ಅವನು ನಂಬಿದ ಗ್ಯಾರೇಜಿಗೂ ಸಿಗಬೇಕು.

ನಾನು ಶಿವಮೊಗ್ಗದಲ್ಲಿ ಗ್ಯಾರೇಜ್ ಇಟ್ಟುಕೊಂಡಿರುವವನು. ಇಪ್ಪತ್ತಾರು ವರ್ಷ ಆಯಿತು. ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿ ಕಲಿತ ಕೈ. ಮೂರು ಜನ ಹುಡುಗರಿದ್ದಾರೆ, ಕಾರಿನ ಕಂಪ್ಯೂಟರ್ ಓದುವ ಎರಡು ಸ್ಕ್ಯಾನರ್ ಇದೆ, ಒಂದು ಹಳೇ ಲ್ಯಾಪ್‌ಟಾಪ್ ಇದೆ.

ಹೋದ ವರ್ಷ ದೀಪಾವಳಿ ಮುಗಿದ ವಾರ ನಡೆದದ್ದು ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಒಬ್ಬ ರಿಟೈರ್ಡ್ ಮೇಷ್ಟ್ರು ನನ್ನ ಖಾಯಂ ಗಿರಾಕಿ. ಬೆಂಗಳೂರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಕಾರು ತಂದಿದ್ದರು. ಒಂದು ಬೆಳಿಗ್ಗೆ ಹಳೇ ಮಾಲೀಕನ ಫೋನು. "ಸರ್, ನಿನ್ನೆ ಸಂಜೆ ಆಗುಂಬೆಗೆ ಹೋಗಿದ್ರಾ? ಸೂರ್ಯಾಸ್ತ ಕಾಣಿಸ್ತಾ?" ಅಂತ ಕೇಳಿದನಂತೆ. ಮೇಷ್ಟ್ರಿಗೆ ಕೈಕಾಲು ತಣ್ಣಗಾಯಿತು. ಅವನೇನೂ ಕೆಟ್ಟವನಲ್ಲ ಪಾಪ. ಫೋನಿನಲ್ಲಿದ್ದ ಕಾರಿನ ಆ್ಯಪ್ ತೆಗೆಯಲು ಮರೆತಿದ್ದ. ಅದರಲ್ಲಿ ಕಾರು ಎಲ್ಲಿದೆ, ಎಷ್ಟು ಸ್ಪೀಡಿನಲ್ಲಿ ಹೋಯಿತು, ಬಾಗಿಲು ಹಾಕಿದೆಯೋ ಇಲ್ಲವೋ ಎಲ್ಲ ಕಾಣುತ್ತಿತ್ತು. "ಬೇಕಿದ್ರೆ ಇಲ್ಲಿಂದಲೇ ಹಾರ್ನ್ ಹೊಡೀಲಾ ಸರ್?" ಅಂದನಂತೆ. ಮೇಷ್ಟ್ರ ಅಂಗಳದಲ್ಲಿ ಹಾರ್ನ್ ಹೊಡೆಯಿತು. ನಾಯಿ ಓಡಿಹೋಯಿತು.

ಮೇಷ್ಟ್ರು ನೇರ ನನ್ನ ಹತ್ತಿರ ಬಂದರು. "ಈ ದೆವ್ವ ಬಿಡಿಸು ಮಾರಾಯ" ಅಂದರು. ನಾನು ಬಿಡಿಸಲಿ ಹೇಗೆ? ಕಾರಿನ ಸುದ್ದಿಯನ್ನೆಲ್ಲ ಆ್ಯಪ್‌ಗೆ ಕಳಿಸುವ ಡಬ್ಬಿ ಕಿತ್ತರೆ ತುರ್ತು ಕರೆಯ ಬಟನ್ ಸತ್ತುಹೋಗುತ್ತದೆ, ಎದುರಿಗೆ ಒಂದು ಕೆಂಪು ದೀಪ ಯಾವಾಗಲೂ ಉರಿಯುತ್ತದೆ. ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಆರ್‌ಸಿ ಕಳಿಸಿ, ಆಧಾರ್ ಕಳಿಸಿ, ಹಳೇ ಮಾಲೀಕರಿಗೆ ಓಟಿಪಿ ಹೋಗಿದೆ ಅದನ್ನು ಹೇಳಿ ಅಂದರು. ಆರ್‌ಟಿಓದಲ್ಲಿ ಕಾರು ಮೇಷ್ಟ್ರ ಹೆಸರಿಗೆ ಆಗಿತ್ತು. ಕಂಪನಿಯ ಸರ್ವರ್‌ನಲ್ಲಿ ಆಗಲು ಇನ್ನೂ 19 ದಿನ ಹಿಡಿಯಿತು.

ಆ ಡಬ್ಬಿಗೆ ಟೆಲಿಮ್ಯಾಟಿಕ್ಸ್ ಯೂನಿಟ್ ಅಂತಾರೆ. ಡ್ಯಾಶ್‌ಬೋರ್ಡ್ ಹಿಂದೆ ಅಂಗೈ ಅಗಲ ಇರುತ್ತದೆ. ಮೊಬೈಲ್‌ನಲ್ಲಿರುವಂಥದೇ ಮೋಡೆಮ್, ಜಿಪಿಎಸ್, ಒಳಗೇ ಕೂರಿಸಿದ ಇ-ಸಿಮ್. ಚಾವಣಿ ಮೇಲೆ ಶಾರ್ಕ್ ಮೀನಿನ ರೆಕ್ಕೆ ತರ ಕಾಣುವುದು ಅದರ ಆಂಟೆನಾ. ಆ ಸಿಮ್‌ನ ನಂಬರ್ 13 ಅಂಕಿಯದು. 2018ರಲ್ಲಿ ನಮ್ಮೆಲ್ಲರ ಮೊಬೈಲ್ ನಂಬರ್ 13 ಅಂಕಿ ಆಗುತ್ತೆ ಅಂತ ವಾಟ್ಸಾಪ್‌ನಲ್ಲಿ ಗಾಳಿಸುದ್ದಿ ಹಬ್ಬಿತ್ತಲ್ಲ, ನೆನಪಿದೆಯಾ? ಆ ನಂಬರ್ ನಮಗಲ್ಲ, ಇಂಥ ಯಂತ್ರಗಳಿಗೆ.

ಅಮೆರಿಕದಲ್ಲಿ ಜನರಲ್ ಮೋಟರ್ಸ್ 1996ರಲ್ಲೇ ಆನ್‌ಸ್ಟಾರ್ ಅಂತ ಇದನ್ನು ಶುರು ಮಾಡಿತ್ತು. ನಮ್ಮಲ್ಲಿ ಗಾಳಿ ಬೀಸಿದ್ದು 2019ರಲ್ಲಿ. ಮೇ ತಿಂಗಳಲ್ಲಿ ಹ್ಯುಂಡೈ ವೆನ್ಯೂ, ಜೂನ್‌ನಲ್ಲಿ ಎಂಜಿ ಹೆಕ್ಟರ್. ಹೆಕ್ಟರ್ ಮೈಮೇಲೆ 'ಇಂಟರ್ನೆಟ್ ಇನ್‌ಸೈಡ್' ಅಂತ ಬರೆದೇ ಇತ್ತು. ಅದಕ್ಕೂ ಒಂದು ವರ್ಷ ಮುಂಚೆ ಬೆಂಗಳೂರಿನ ಎಲೆಕ್ಟ್ರಿಕ್ ಸ್ಕೂಟರ್ ಕಂಪನಿ ಏಥರ್‌ನ ಹುಡುಗರು ಸ್ಕೂಟರಿಗೇ ಸಿಮ್ ಹಾಕಿ, ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಹೊಸ ಸಾಫ್ಟ್‌ವೇರ್‌ನೊಂದಿಗೆ ಏಳುವಂತೆ ಮಾಡಿದ್ದರು. ಈಗ ಹತ್ತು ಲಕ್ಷದ ಆಸುಪಾಸಿನ ಕಾರಿನಲ್ಲೂ ಇದು ಇದೆ.

ಈ ಕಾರುಗಳ ತಲೆಯೊಳಗಿನ ಸಾಫ್ಟ್‌ವೇರ್ ಬರೆಯುವ ಊರುಗಳಲ್ಲಿ ಬೆಂಗಳೂರು ದೊಡ್ಡದು. ಮರ್ಸಿಡಿಸ್‌ನವರ ಸಂಶೋಧನಾ ಕೇಂದ್ರ 1996ರಿಂದ ಇಲ್ಲಿದೆ. ಬಾಷ್ ಇದೆ, ಹರ್ಮನ್ ಇದೆ, ಟಾಟಾ ಎಲೆಕ್ಸಿ ಇದೆ. ನನ್ನ ಅಣ್ಣನ ಮಗಳು ಇಂಥದ್ದೇ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಾಳೆ. ಹಬ್ಬಕ್ಕೆ ಬಂದಾಗ ಗ್ಯಾರೇಜಿಗೂ ಬಂದು ಹೋಗುತ್ತಾಳೆ. ಅವಳು ಬರೆದ ಕೋಡ್ ಕೂಡ ಎಂದೋ ಒಂದು ದಿನ ನನ್ನ ಗ್ಯಾರೇಜಿಗೆ ಬರುತ್ತದೆ. ಆದರೆ ಬೀಗ ಹಾಕಿಕೊಂಡು ಬರುತ್ತದೆ. ನಾನು ಬರೆಯುತ್ತಿರುವುದು ಆ ಬೀಗದ ವಿಷಯ.

ಮಲೆನಾಡಿನಲ್ಲಿ ಮಳೆಗಾಲ ಬಂತೆಂದರೆ ಇಲಿಗಳು ಬೆಚ್ಚಗಿರಲು ಬಾನೆಟ್ ಒಳಗೆ ಸೇರುತ್ತವೆ. ವೈರ್ ಕಡಿಯುತ್ತವೆ. ಎರಡು ವರ್ಷದ ಹಿಂದೆ ಜುಲೈಯಲ್ಲಿ ಹೊಸನಗರದಿಂದ ಒಂದು ಕಾರು ಬಂತು. ಕೀ ತಿರುಗಿಸಿದರೆ ಜಾತ್ರೆ ತೇರಿನ ಹಾಗೆ ಎಲ್ಲ ದೀಪವೂ ಒಟ್ಟಿಗೆ ಹತ್ತಿತು. ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ಕಾಯುವುದು), ಏರ್‌ಬ್ಯಾಗ್, ಸ್ಟೇರಿಂಗ್, ಎಲ್ಲವೂ. ಮಾಲೀಕರು "ಇಂಜಿನ್ನೇ ಹೋಯ್ತೇನ್ರೀ?" ಅಂತ ಬೆವರುತ್ತಿದ್ದರು. ನಾನು ಸ್ಕ್ಯಾನರ್ ಮುಟ್ಟಲಿಲ್ಲ. ಮಲ್ಟಿಮೀಟರ್ ತೆಗೆದೆ. ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ, ಒಬಿಡಿ ಪೋರ್ಟ್ ಅಂತ. ಗಾಡಿ ಆಫ್ ಇರುವಾಗ ಅದರ 6ನೇ ಮತ್ತು 14ನೇ ಪಿನ್ ಮಧ್ಯೆ ಅಳೆದರೆ 60 ಓಮ್ ತೋರಿಸಬೇಕು. ಅದು 120 ತೋರಿಸಿತು.

ಯಾಕೆ ಅಂದರೆ, ಕಾರಿನ ಕಂಪ್ಯೂಟರುಗಳೆಲ್ಲ ಹೆಣೆದುಕೊಂಡ ಒಂದು ಜೋಡಿ ವೈರಿನ ಮೇಲೆ ಮಾತಾಡಿಕೊಳ್ಳುತ್ತವೆ. ಕ್ಯಾನ್ ಬಸ್ ಅಂತಾರೆ, 1986ರಲ್ಲಿ ಬಾಷ್‌ನವರು ಮಾಡಿದ್ದು. ಆ ವೈರಿನ ಎರಡೂ ತುದಿಯಲ್ಲಿ 120 ಓಮಿನ ಒಂದೊಂದು ರೆಸಿಸ್ಟರ್. ಎರಡೂ ಅಕ್ಕಪಕ್ಕ (ಪ್ಯಾರಲಲ್) ಸೇರಿರುವುದರಿಂದ ಒಟ್ಟು ಅರ್ಧವಾಗಿ 60. ಒಂದು ಕಡೆ ತುಂಡಾದರೆ 120. ಅಂದರೆ ಇಲಿ ಕಡಿದಿದೆ, ಎಲ್ಲಿ ಅಂತ ಹುಡುಕಿದರೆ ಆಯಿತು. ಬ್ಯಾಟರಿ ಟ್ರೇ ಕೆಳಗೆ ಸಿಕ್ಕಿತು. ಬೆಸುಗೆ ಹಾಕಿ, ಸ್ಲೀವ್ ಎಳೆದು, 800 ರೂಪಾಯಿ ತಗೊಂಡೆ. ಮಾಲೀಕರು ನನ್ನ ಕೈ ಬಿಡಲೇ ಇಲ್ಲ.

ಸುಮ್ನೆ ಜಂಭಕ್ಕೆ ಹೇಳುತ್ತಿಲ್ಲ. ಸಣ್ಣ ಊರಿನ ಮೆಕ್ಯಾನಿಕ್‌ಗೆ ಈ ತಂತ್ರಜ್ಞಾನ ಅರ್ಥವಾಗುವುದಿಲ್ಲ ಅಂತ ಕಂಪನಿಗಳು ಹೇಳುತ್ತವೆ, ಅದಕ್ಕೆ ಹೇಳಿದೆ. ಅರ್ಥವಾಗುತ್ತದೆ. ಬಿಟ್ಟರೆ ರಿಪೇರಿಯೂ ಮಾಡುತ್ತೇವೆ.

ಬಿಡದಿದ್ದರೆ ಏನಾಗುತ್ತದೆ ಅಂತಲೂ ಕೇಳಿ. ಅದೇ ವರ್ಷ ಇನ್ನೊಂದು ಕಾರಿಗೆ ಎಬಿಎಸ್ ಯೂನಿಟ್ ಬದಲಾಯಿಸಿದೆ. ಪಾರ್ಟ್ ಒರಿಜಿನಲ್, ಬಿಲ್ ಸಮೇತ. ಹಾಕಿಯೂ ಆಯಿತು, ಬ್ರೇಕ್ ಗಾಳಿ ತೆಗೆದೂ ಆಯಿತು. ಆದರೆ ಹೊಸ ಯೂನಿಟ್ಟನ್ನು ಆ ಕಾರಿಗೆ ಪರಿಚಯ ಮಾಡಿಸಬೇಕು. ಅದಕ್ಕೆ ಕಂಪನಿಯ ಸರ್ವರ್‌ಗೆ ಲಾಗಿನ್ ಆಗಬೇಕು. ನನ್ನ ಸ್ಕ್ಯಾನರ್ ಓದುತ್ತದೆ, ಬರೆಯಲು ಅನುಮತಿ ಇಲ್ಲ. ಕಾರನ್ನು ಲಾರಿ ಮೇಲೆ ಹೇರಿ ಶೋರೂಮಿಗೆ ಕಳಿಸಿದೆ. ಅಲ್ಲಿನ ಹುಡುಗ ಲ್ಯಾಪ್‌ಟಾಪ್ ಹಚ್ಚಿ ಐದು ನಿಮಿಷದಲ್ಲಿ ಮುಗಿಸಿದ. ಅವನು ಮೊದಲು ನನ್ನಲ್ಲೇ ಕೆಲಸ ಕಲಿತವನು. ನಕ್ಕ. ನಾನೂ ನಕ್ಕೆ. ಗಿರಾಕಿ ನಗಲಿಲ್ಲ, ಸಾಗಿಸಿದ ಖರ್ಚು ಅವರದ್ದು.

ಕಂಪನಿಗಳ ಮಾತಿನಲ್ಲೂ ಸತ್ಯ ಇದೆ, ಅದನ್ನು ಮುಚ್ಚಿಡುವುದಿಲ್ಲ. 2015ರಲ್ಲಿ ಅಮೆರಿಕದಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಲಾಸೆಕ್ ಎಂಬ ಇಬ್ಬರು ಮನೆಯಲ್ಲಿ ಕೂತು, ಹೈವೇಯಲ್ಲಿ ಓಡುತ್ತಿದ್ದ ಜೀಪ್ ಚೆರೋಕಿಯನ್ನು ಇಂಟರ್ನೆಟ್ ಮೂಲಕ ನಿಲ್ಲಿಸಿ ತೋರಿಸಿದರು. ಕಂಪನಿ 14 ಲಕ್ಷ ಗಾಡಿ ವಾಪಸ್ ಕರೆಸಬೇಕಾಯಿತು. ಹಾಗಾಗಿ ಬೀಗ ಬೇಕು. ಬಾಗಿಲಿಲ್ಲದ ಮನೆ ಯಾರಿಗೆ ಬೇಕು? ಆದರೆ ಮನೆ ಕಟ್ಟಿದ ಮೇಸ್ತ್ರಿ ಕೀ ಗೊಂಚಲು ತಾನೇ ಇಟ್ಟುಕೊಂಡು, ಮಾಲೀಕ ಒಳಗೆ ಹೋಗುವಾಗಲೆಲ್ಲ ಬಂದು ಬಾಗಿಲು ತೆಗೆಯುತ್ತೇನೆ ಅಂದರೆ ಒಪ್ಪುತ್ತೀರಾ? ಯುರೋಪಿನವರು ಇದಕ್ಕೆ ದಾರಿ ಹುಡುಕಿದ್ದಾರೆ. ಸೆರ್ಮಿ ಅಂತ ಒಂದು ವ್ಯವಸ್ಥೆ. ಹೊರಗಿನ ಗ್ಯಾರೇಜಿನವನ ಪೂರ್ವಾಪರ ಪರಿಶೀಲಿಸಿ, ಸರ್ಟಿಫಿಕೇಟ್ ಕೊಟ್ಟು, ಕಳ್ಳತನಕ್ಕೆ ಸಂಬಂಧಪಟ್ಟ ಸೂಕ್ಷ್ಮ ಭಾಗಗಳನ್ನೂ ಮುಟ್ಟಲು ಬಿಡುತ್ತಾರೆ. ಯಾರು ಯಾವಾಗ ಮುಟ್ಟಿದರು ಅಂತ ದಾಖಲೆ ಉಳಿಯುತ್ತದೆ. ನನಗೂ ಅಂಥದ್ದೊಂದು ಪೊಲೀಸ್ ವೆರಿಫಿಕೇಶನ್ ಮಾಡಿಸಿ. ಪಾಸ್‌ಪೋರ್ಟಿಗೆ ಮಾಡಿಸಿಕೊಂಡಿಲ್ಲವಾ?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2020ರ ನವೆಂಬರ್‌ನಲ್ಲಿ ಇದನ್ನು ಜನರ ಮತಕ್ಕೇ ಹಾಕಿದರು. ಸುಮಾರು 75 ಭಾಗ ಜನ, ಕಾರಿನಿಂದ ಗಾಳಿಯಲ್ಲಿ ಹೋಗುವ ಮಾಹಿತಿ ಮಾಲೀಕನಿಗೂ ಅವನು ಹೇಳಿದ ಗ್ಯಾರೇಜಿಗೂ ಸಿಗಬೇಕು ಅಂದರು. ಕಂಪನಿಗಳು ಕೋರ್ಟಿಗೆ ಹೋದವು, ವರ್ಷಗಟ್ಟಲೆ ಎಳೆದವು, ಅದು ಬೇರೆ ಕತೆ. ಯುರೋಪಿನ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಜಾರಿಗೆ ಬಂದಿದೆ. ಅದರ ಪ್ರಕಾರ ಯಂತ್ರ ಬಳಸುವವನು ತನ್ನ ಯಂತ್ರ ಹುಟ್ಟಿಸಿದ ಡೇಟಾವನ್ನು ಕೇಳಿ ಪಡೆಯಬಹುದು, ತನಗೆ ಬೇಕಾದವರಿಗೆ ಕೊಡಿಸಬಹುದು. ನಮ್ಮಲ್ಲಿ 2022ರ ಡಿಸೆಂಬರ್‌ನಲ್ಲಿ ಕೇಂದ್ರದವರು ರಿಪೇರಿ ಹಕ್ಕಿನ ಒಂದು ಪೋರ್ಟಲ್ ತೆರೆದರು. ಅದರಲ್ಲಿ ಕಾರು, ಟ್ರ್ಯಾಕ್ಟರ್ ಎಲ್ಲ ಸೇರಿವೆ. ಆದರೆ ಪೋರ್ಟಲ್ ಒಂದು, ಕಾನೂನು ಇನ್ನೊಂದು. 2023ರ ಡೇಟಾ ರಕ್ಷಣೆ ಕಾಯ್ದೆ ಇದೆಯಲ್ಲ ಅಂದರೆ, ಅದು ಮೇಷ್ಟ್ರು ಎಲ್ಲಿಗೆ ಹೋದರು ಎಂಬ ಗುಟ್ಟಿಗೆ ರಕ್ಷಣೆ ಕೊಡಬಹುದು. ಆದರೆ ಅವರ ಕಾರಿನ ಎಬಿಎಸ್ ಏನು ಹೇಳುತ್ತಿದೆ ಅಂತ ಆ ಕಾಯ್ದೆಯಿಂದ ನನಗೆ ಕೇಳಿಸುವುದಿಲ್ಲ.

ಗುಟ್ಟಿನ ವಿಷಯವೂ ಸಣ್ಣದಲ್ಲ. 2023ರಲ್ಲಿ ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ಸಂಸ್ಥೆ 25 ಬ್ರ್ಯಾಂಡಿನ ಕಾರುಗಳ ಗೋಪ್ಯತೆ ನಿಯಮ ಓದಿ ನೋಡಿತು. ಒಂದೂ ಪಾಸಾಗಲಿಲ್ಲ. ಜನರಲ್ ಮೋಟರ್ಸ್ ತನ್ನ ಗಿರಾಕಿಗಳು ಎಷ್ಟು ಜೋರಾಗಿ ಬ್ರೇಕ್ ಒತ್ತುತ್ತಾರೆ, ರಾತ್ರಿ ಎಷ್ಟು ಹೊತ್ತು ಓಡಿಸುತ್ತಾರೆ ಅನ್ನುವುದನ್ನೆಲ್ಲ ಮಾರಿಕೊಂಡಿತ್ತು. ಅದು ವಿಮಾ ಕಂಪನಿಗಳ ಕೈ ಸೇರಿ, ಕೆಲವರ ಪ್ರೀಮಿಯಂ ಏರಿತು. ಅಮೆರಿಕದ ವ್ಯಾಪಾರ ಆಯೋಗ 2025ರ ಜನವರಿಯಲ್ಲಿ ಅಂಥ ಡೇಟಾ ಮಾರಾಟಕ್ಕೆ 5 ವರ್ಷದ ತಡೆ ಹಾಕುವ ಆದೇಶ ಮುಂದಿಟ್ಟಿತು. ಹಾಗಾದರೆ ಈ ಡೇಟಾಕ್ಕೆ ಬೆಲೆ ಇದೆ ಅಂತಾಯಿತಲ್ವಾ? ಬೆಲೆ ಇರುವ ವಸ್ತು ನನ್ನ ಗಿರಾಕಿಯ ಕಾರಿನಲ್ಲಿ ಹುಟ್ಟುತ್ತಿದೆ. ಅಡಿಕೆ ಬೆಳೆದವನಿಗೆ ಅಡಿಕೆ ರೇಟು ಗೊತ್ತಿರಬೇಕು ತಾನೇ?

ಈಗ ವ್ಯಾಪಾರದ ಮಾತಿಗೆ ಬರುತ್ತೇನೆ. ನೀವು ಪ್ರತಿ ವರ್ಷ ಬೆಂಗಳೂರಿನಲ್ಲಿ ಟೆಕ್ ಶೃಂಗಸಭೆ ಮಾಡುತ್ತೀರಿ. 'ಬಿಯಾಂಡ್ ಬೆಂಗಳೂರು' ಅಂತ ಹುಬ್ಬಳ್ಳಿ, ಮೈಸೂರು, ಮಂಗಳೂರಿಗೂ ಕೆಲಸ ಕಳಿಸುವ ಮಾತು ಆಡುತ್ತೀರಿ. ಒಳ್ಳೆಯದು. ಆದರೆ ಕನೆಕ್ಟೆಡ್ ಕಾರಿನ, ಅಂದರೆ ಹೀಗೆ ಇಂಟರ್ನೆಟ್‌ಗೆ ಸೇರಿದ ಕಾರಿನ ಕೆಲಸ ಅಂದರೆ ಬರೀ ಕೋಡ್ ಬರೆಯುವುದಲ್ಲ. ಕಾರು ಓಡುವುದು ಸಾಗರದಲ್ಲಿ, ಸೊರಬದಲ್ಲಿ, ಶಿಕಾರಿಪುರದಲ್ಲಿ. ಅದರ ಡೇಟಾದ ಮೇಲೆ ದುಡಿಮೆ ಹುಟ್ಟಬೇಕಾದ್ದೂ ಅಲ್ಲೇ.

ನನಗೆ ಗೊತ್ತಿರುವ ಒಬ್ಬರು ಸಾಗರದಲ್ಲಿ ಆರು ಟೆಂಪೋ ಟ್ರಾವೆಲರ್ ಇಟ್ಟಿದ್ದಾರೆ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಅವರಿಗೆ ಬಿಡುವಿಲ್ಲ. ಗಾಡಿ ಜೋಗದಲ್ಲಿ ಕೆಟ್ಟು ನಿಂತರೆ ಆ ದಿನದ ಬಾಡಿಗೆಯೂ ಹೋಯಿತು, ಹೆಸರೂ ಹೋಯಿತು. ಎಷ್ಟೋ ಗಾಡಿ ಕೆಡುವ ಮುಂಚೆ ಹೇಳುತ್ತದೆ. ಸ್ಟಾರ್ಟ್ ಹೊಡೆಯುವ ಆ ಒಂದು ಕ್ಷಣದಲ್ಲಿ ಬ್ಯಾಟರಿ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬೀಳುತ್ತಿದೆ ಅಂದರೆ ಬ್ಯಾಟರಿ ಹೆಚ್ಚು ದಿನ ಬಾಳುವುದಿಲ್ಲ. ಇಂಜಿನ್ ತಂಪು ಮಾಡುವ ಕೂಲಂಟ್ ದ್ರವದ ಬಿಸಿ ದಿನಕ್ಕೊಂದು ಡಿಗ್ರಿ ಏರುತ್ತಿದೆ ಅಂದರೆ ರೇಡಿಯೇಟರ್ ನೋಡಬೇಕು. ಇದು ನನ್ನ ಮೊಬೈಲಿಗೆ ಬಂದರೆ, ತಿಂಗಳಿಗೆ ಗಾಡಿಗೆ ಇನ್ನೂರು ಮುನ್ನೂರು ತಗೊಂಡು ಅವರ ಆರೂ ಗಾಡಿ ಕಾಯುತ್ತೇನೆ. ಇಂಥ ಮಾಲೀಕರು ಜಿಲ್ಲೆಯಲ್ಲಿ ಎಷ್ಟು ಜನ ಇಲ್ಲ? ಒಂದು ಸಾವಿರ ರೂಪಾಯಿಯ ಬ್ಲೂಟೂತ್ ಡಾಂಗಲ್ಲನ್ನು ಆ ಒಬಿಡಿ ಪೋರ್ಟಿಗೆ ಸಿಕ್ಕಿಸಿ ಈಗ ಎರಡು ಗಾಡಿಗೆ ಹೀಗೆ ಮಾಡುತ್ತಿದ್ದೇನೆ. ಡ್ರೈವರ್ ಪ್ರತಿ ಸಲ ಅದನ್ನು ಕಿತ್ತು ಚಾರ್ಜರ್ ಡಬ್ಬಿಗೆ ಹಾಕುತ್ತಾನೆ.

ಹಳದಿ ಬೋರ್ಡಿಗೆ ಸರ್ಕಾರವೇ ಒಂದು ಡಬ್ಬಿ ಕಡ್ಡಾಯ ಮಾಡಿದೆ. ಎಐಎಸ್-140, ಲೊಕೇಶನ್ ಮತ್ತು ಪ್ಯಾನಿಕ್ ಬಟನ್. ಹೊಸ ಗಾಡಿಗೆ 2019ರಿಂದ ಕೇಂದ್ರದವರು ಹೇಳಿದರು, ಹಳೆಯದಕ್ಕೂ ಆಮೇಲೆ ನೀವು ಹೇಳಿದಿರಿ, ಗಡುವು ಮುಂದೆ ಹಾಕುತ್ತಾ ಬಂದಿರಿ. ಉದ್ದೇಶ ಒಳ್ಳೆಯದು, ಹೆಣ್ಣುಮಕ್ಕಳ ಸುರಕ್ಷತೆ. ಆದರೆ ನಮ್ಮ ಟ್ಯಾಕ್ಸಿ ಹುಡುಗರ ಬಾಯಲ್ಲಿ ಅದರ ಹೆಸರು 'ಎಫ್‌ಸಿ ಡಬ್ಬಿ'. ಎಫ್‌ಸಿಗೆ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟಿಗೆ) ಮುಂಚೆ ರೀಚಾರ್ಜ್, ಮುಗಿದ ಮೇಲೆ ಮರೆವು. ತನಗೆ ಲಾಭ ಇಲ್ಲದ ಡಬ್ಬಿಗೆ ಯಾರು ದುಡ್ಡು ಹಾಕುತ್ತಾರೆ? ಅದೇ ಡಬ್ಬಿ ಡೀಸೆಲ್ ಲೆಕ್ಕ, ಸರ್ವಿಸ್ ಲೆಕ್ಕವನ್ನೂ ಮಾಲೀಕನಿಗೆ ಕನ್ನಡದಲ್ಲಿ ಹೇಳಲಿ, ಆಮೇಲೆ ನೋಡಿ.

ಸೆಕೆಂಡ್ ಹ್ಯಾಂಡ್ ಕಾರಿನದ್ದು ಇನ್ನೂ ದೊಡ್ಡ ವ್ಯಾಪಾರ. ಮೀಟರ್ ಹಿಂದೆ ತಿರುಗಿಸುವ ಜನ ಎಲ್ಲ ಊರಲ್ಲೂ ಇದ್ದಾರೆ, ನಮ್ಮೂರಲ್ಲೂ ಇದ್ದಾರೆ. ಮಾಲೀಕನ ಒಪ್ಪಿಗೆಯ ಮೇಲೆ ಕಂಪನಿಯ ಸರ್ವರ್‌ನಿಂದ ನಿಜವಾದ ಕಿಲೋಮೀಟರ್ ಬಂದರೆ ಆ ಅಂಗಡಿಗಳು ಮುಚ್ಚುತ್ತವೆ. ನಾನು ಕಾರು ಪರೀಕ್ಷೆ ಮಾಡಿ ರಿಪೋರ್ಟ್ ಕೊಡುವ ಅಂಗಡಿ ತೆರೆಯುತ್ತೇನೆ.

ವಿಮೆಯೂ ಹೀಗೆಯೇ. ಓಡಿಸಿದಷ್ಟಕ್ಕೆ ಪ್ರೀಮಿಯಂ ಎನ್ನುವ ಪಾಲಿಸಿಗೆ ವಿಮಾ ಪ್ರಾಧಿಕಾರ 2022ರ ಜುಲೈಯಲ್ಲೇ ದಾರಿ ಬಿಟ್ಟಿದೆ. ನಮ್ಮ ಮೇಷ್ಟ್ರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಓಡಿಸಿದರೆ ಜಾಸ್ತಿ. ದಿನಾ ಭದ್ರಾವತಿಗೆ ಹೋಗಿ ಬರುವವರಷ್ಟೇ ಅವರೂ ಕಟ್ಟುತ್ತಿದ್ದಾರೆ. ಕಾರಿಗೆ ಎಲ್ಲ ಗೊತ್ತು. ಏಜೆಂಟರಿಗೆ ಗೊತ್ತಿಲ್ಲ.

ಇನ್ನು ನೆಟ್‌ವರ್ಕ್. ಹುಲಿಕಲ್ ಘಾಟಿ, ಆಗುಂಬೆ ಘಾಟಿ, ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಒಳರಸ್ತೆಗಳಲ್ಲಿ ಎಷ್ಟೋ ಕಡೆ ಸಿಗ್ನಲ್ಲೇ ಇರುವುದಿಲ್ಲ. ಅಪಘಾತವಾದರೆ ಕಾರೇ ಫೋನ್ ಮಾಡುತ್ತದೆ ಅಂತ ಜಾಹೀರಾತಿನಲ್ಲಿ ತೋರಿಸುತ್ತಾರೆ. ಯುರೋಪಿನಲ್ಲಿ 2018ರ ಮಾರ್ಚ್ ಕೊನೆಯಿಂದ ಹೊಸ ಮಾದರಿಗಳಿಗೆ ಇದು ಕಡ್ಡಾಯ. ನಮ್ಮ ಘಾಟಿಯಲ್ಲಿ ಕಾರು ಫೋನ್ ಮಾಡುವುದು ಯಾವ ಟವರಿಗೆ? ಇದರಲ್ಲೂ ಒಂದು ಉಪಾಯ ಇದೆ. ಸಿಗ್ನಲ್ ಎಲ್ಲಿ ಸತ್ತಿತು, ಎಲ್ಲಿ ಮತ್ತೆ ಬಂತು ಅಂತ ಡಬ್ಬಿಯ ಮೋಡೆಮ್‌ಗೆ ಗೊತ್ತಾಗುತ್ತದೆ. ಆ ಜಾಗಗಳನ್ನು ಯಾರ ಹೆಸರೂ ಇಲ್ಲದೆ ಒಟ್ಟು ಮಾಡಿದರೆ ಮಲೆನಾಡಿನಲ್ಲಿ ಎಲ್ಲೆಲ್ಲಿ ಟವರ್ ಬೇಕು ಅನ್ನುವ ನಕ್ಷೆ ಒಂದು ಮಳೆಗಾಲದೊಳಗೆ ಸಿಗುತ್ತದೆ. 'ನೆಟ್‌ವರ್ಕ್ ಇಲ್ಲದಿದ್ದರೆ ವೋಟಿಲ್ಲ' ಅಂತ ಇಲ್ಲಿನ ಹಳ್ಳಿಯವರು ಬೋರ್ಡ್ ಹಾಕಿದ್ದು ನಿಮಗೆ ನೆನಪಿರಬಹುದು.

ಇನ್ನೊಂದು ಹೆದರಿಕೆ ಇದೆ. ಕಾರು ಹದಿನೈದು ವರ್ಷ ಬಾಳುತ್ತದೆ, ನೆಟ್‌ವರ್ಕ್ ಬಾಳುವುದಿಲ್ಲ. 2022ರ ಫೆಬ್ರವರಿಯಲ್ಲಿ ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿ 3ಜಿ ನಿಲ್ಲಿಸಿತು. ಎಷ್ಟೋ ಕಾರುಗಳ ತುರ್ತು ಕರೆ ಒಂದೇ ದಿನ ಮೂಕವಾಯಿತು. ನಮ್ಮ 4ಜಿ ಕಾರುಗಳಿಗೂ ಒಂದಲ್ಲ ಒಂದು ದಿನ ಇದು ಬರುತ್ತದೆ. ಆ ಮೋಡೆಮ್ ಬದಲಾಯಿಸಿಕೊಡುವುದು ಒಂದು ಒಳ್ಳೆಯ ಕೆಲಸ ಆಗಬಹುದು. ಹಳೇ ಟಿವಿಗೆ ಸೆಟ್ ಟಾಪ್ ಬಾಕ್ಸ್ ಹಾಕಿಕೊಡಲಿಲ್ಲವೇ ನಮ್ಮ ಹುಡುಗರು? ಆದರೆ ಅದನ್ನು ಬಿಚ್ಚಲು ಬರುವ ಹಾಗೆ ಈಗಲೇ ಮಾಡಿರಬೇಕು.

ಮೋಟಾರು ವಾಹನದ ನಿಯಮ ಕೇಂದ್ರದ್ದು, ನಮ್ಮ ಕೈಯಲ್ಲೇನಿದೆ ಅಂತ ನೀವು ಹೇಳಬಹುದು. ನಿಮ್ಮ ಕೈಯಲ್ಲಿ ಟೆಂಡರ್ ಇದೆ. ಸರ್ಕಾರ ಪೊಲೀಸರಿಗೆ, ಆರೋಗ್ಯ ಇಲಾಖೆಗೆ, ತಹಶೀಲ್ದಾರರಿಗೆ ಗಾಡಿ ಕೊಳ್ಳುತ್ತಲೇ ಇರುತ್ತದೆ. ಒಂದು ಸಾಲು ಸೇರಿಸಿ: 'ಈ ವಾಹನದ ಡೇಟಾ ಖರೀದಿಸಿದವರಿಗೆ ಸೇರಿದ್ದು, ಖರೀದಿಸಿದವರು ಹೇಳಿದ ಗ್ಯಾರೇಜಿಗೆ ಓದಲೂ ಬರೆಯಲೂ ಅವಕಾಶ ಕೊಡಬೇಕು.' ಅಷ್ಟು ಗಾಡಿ ಮಾರಾಟ ಆಗುವ ಕಡೆ ಯಾವ ಕಂಪನಿ ಇಲ್ಲ ಅನ್ನುತ್ತದೆ ನೋಡೋಣ. ಒಂದು ಗಿರಾಕಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಆಗುವುದಿಲ್ಲ ಅನ್ನುವುದು ಕಷ್ಟ.

ನಿಮ್ಮ ಕೈಯಲ್ಲಿ ಆರ್‌ಟಿಓ ಇದೆ. ಸರ್ಕಾರದ ವಾಹನ ನೋಂದಣಿಯ ವಾಹನ್ ಪೋರ್ಟಲ್‌ನಲ್ಲಿ ಕಾರಿನ ಮಾಲೀಕರ ಹೆಸರು ಬದಲಾದ ದಿನವೇ ಹಳೇ ಮಾಲೀಕನ ಆ್ಯಪ್ ಕಡಿದುಹೋಗಬೇಕು ಅಂತ ಕೇಂದ್ರಕ್ಕೆ ಒಂದು ಪತ್ರ ಬರೆಯಿರಿ. ಮೇಷ್ಟ್ರ ಹೆಸರು ಬೇಕಿದ್ದರೆ ಕೊಡುತ್ತೇನೆ, ಅವರು ಸಾಕ್ಷಿ ಹೇಳಲು ತಯಾರಿದ್ದಾರೆ. ನಾಯಿಯನ್ನೂ ಕರೆತರುತ್ತಾರಂತೆ.

ನಿಮ್ಮ ಸರ್ಕಾರದ ಕೈಯಲ್ಲೇ ಐಟಿಐ ಇವೆ. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಿದ್ದೂ ಆಗಿದೆ. ನನ್ನಲ್ಲಿ ಈಗ ಇರುವ ಕಿರಿಯ ಹುಡುಗ ಐಟಿಐ ಮುಗಿಸಿದವನು. ಸ್ಪ್ಯಾನರ್ ಚೆನ್ನಾಗಿ ಹಿಡಿಯುತ್ತಾನೆ. ಅವನಿಗೆ 6ನೇ ಪಿನ್, 14ನೇ ಪಿನ್ ಹೇಳಿಕೊಟ್ಟದ್ದು ನಾನು. ಇದನ್ನು ಪಾಠದಲ್ಲೇ ಸೇರಿಸಲು ಒಂದು ಕಾರು, ಒಂದು ಮಲ್ಟಿಮೀಟರ್ ಮತ್ತು ಒಬ್ಬ ಬಲ್ಲವನು ಸಾಕು. ವಾರಕ್ಕೊಂದು ದಿನ ಬಂದು ಹೇಳಿಕೊಡು ಅಂದರೆ ನಾನೇ ಬರುತ್ತೇನೆ, ಪೆಟ್ರೋಲ್ ಖರ್ಚು ಕೊಟ್ಟರೆ ಸಾಕು.

ನಮ್ಮ ಕಡೆ ಬಂದಾಗ ಗ್ಯಾರೇಜಿಗೂ ಬನ್ನಿ. ಸಾಧ್ಯವಾದರೆ ಜುಲೈಯಲ್ಲಿ ಬನ್ನಿ, ಆಗ ಇಲಿ ಕಡಿದ ಗಾಡಿ ಒಂದಾದರೂ ನಿಂತಿರುತ್ತದೆ. ಮಲ್ಟಿಮೀಟರ್ ನಿಮ್ಮ ಕೈಗೇ ಕೊಡುತ್ತೇನೆ.

ಇತಿ,
ಶಿವಮೊಗ್ಗದ ಒಬ್ಬ ಗ್ಯಾರೇಜಿನವನು